ಕೂಡುವುದೋ ಕಳೆಯುವುದೋ

ಮ್ಯಾಂಚೆಸ್ಟರ್, ಮೂವತ್ತೆಂಟರ ನವೆಂಬರ್.
ನೆಲಮಾಳಿಗೆಯಲ್ಲಿ ಟ್ಯೂಬು ಗುಂಯ್‌ಗುಡುತ್ತಿದೆ.
ಗಾಜಿನೆಳೆಯ ತುದಿಗೆ ಅರಗಿನಲ್ಲಿ ಅಂಟಿಸಿದ ಹರಳು;
ಪಕ್ಕದಲ್ಲಿಟ್ಟರೆ ಸಾಸಿವೆ ಅದಕ್ಕೆ ಅಣ್ಣ.
ಹದಿನೆಂಟು ಗಂಟೆ ಅದು ಅತ್ತಿತ್ತ ತೂಗಬೇಕು
ಕಾಣದ ಬೆಳಕಿನಲ್ಲಿ.
ಹಿಲ್ಡಾ ಎಂಟ್ವಿಸಲ್ ಕೋಟು ಹೊದ್ದು
ತಣ್ಣಗಾದ ಚಹಾದ ಮುಂದೆ ಕೂತಿದ್ದಾಳೆ.

ಕತ್ತಲೆ ಕೋಣೆಯಿಂದ ಫಿಲ್ಮು ಹೊರಬಂದಾಗ
ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.
ಸಾಲು ಸಾಲು ಕಪ್ಪು ಚುಕ್ಕಿ.
ಯಾರೋ ಬೆಳಗಾಗೆದ್ದು ಚುಕ್ಕಿ ಇಟ್ಟು
ಗೆರೆ ಎಳೆಯುವ ಮೊದಲೇ ಎದ್ದುಹೋದಂತೆ.

ಗೆರೆ ಎಳೆಯುವುದು ಅವಳ ಕೆಲಸ.
ಸಂಬಳ ವಾರಕ್ಕೆ ಎರಡು ಪೌಂಡು ಚಿಲ್ಲರೆ.
ಒಂದೊಂದು ಚುಕ್ಕಿಯನ್ನೂ ಕಣ್ಣಳತೆಯಲ್ಲಿ ತೂಗಿ
ಇದು ಹತ್ತು, ಇದು ನಲವತ್ತು, ಇದು ಇದೆಯೋ ಇಲ್ಲವೋ,
ಪುಸ್ತಕದಲ್ಲಿ ಬರೆಯಬೇಕು.
ಮರದ ಪೆಟ್ಟಿಗೆಯಿಂದ ಕೊಸೈನ್ ಪಟ್ಟಿಗಳನ್ನು ಹೆಕ್ಕಿ
ಒಂದರ ಕೆಳಗೊಂದು ಜೋಡಿಸಿ ಕೂಡಬೇಕು.
ಕೂಡಬೇಕೋ ಕಳೆಯಬೇಕೋ?
ಅಲ್ಲೇ ಇರುವುದು ತೊಡಕು.
ಅಲೆ ಎಷ್ಟು ಜೋರಾಗಿ ಬಂದು ಬಡಿಯಿತು, ಫಿಲ್ಮು ಹೇಳುತ್ತದೆ.
ಉಬ್ಬಿ ಬಂತೋ ತಗ್ಗಿ ಬಂತೋ
ಕೇಳಿದರೆ ಬಾಯಿ ಬಿಡುವುದಿಲ್ಲ.
ನೂರ ಎಂಬತ್ತು ಚುಕ್ಕಿ. ಒಂದೊಂದಕ್ಕೂ ಎರಡು ದಾರಿ.
ಸುಮ್ಮನೆ ಊಹಿಸುತ್ತ ಹೋದರೆ
ಸೂರ್ಯ ಆರಿಹೋದರೂ ಲೆಕ್ಕ ಮುಗಿಯದು.

*

ಬರ್ನ್ಲಿಯಲ್ಲಿ ಅವಳಮ್ಮ ಕೆಜಾಯಾ
ಮೂವತ್ತೊಂದು ವರ್ಷ ನಾಲ್ಕು ಮಗ್ಗ ನೋಡಿಕೊಂಡವಳು.
ಕಿವಿಯನ್ನು ಗಿರಣಿಗೆ ಕೊಟ್ಟು
ತುಟಿ ಓದುವುದನ್ನು ಕಲಿತುಬಂದಳು.
ಆ ಗದ್ದಲದಲ್ಲಿ ಹೆಂಗಸರೆಲ್ಲ ಹಾಗೆಯೇ,
ಮಗ್ಗದಿಂದ ಮಗ್ಗಕ್ಕೆ, ದನಿಯಿಲ್ಲದೆ,
ಬಾಯಿ ದೊಡ್ಡದಾಗಿ ತೆರೆದು
ಬಸಿರು, ಬಾಡಿಗೆ, ಮೇಸ್ತ್ರಿಯ ಚಾಳಿ
ಎಲ್ಲ ಮಾತಾಡಿಕೊಳ್ಳುತ್ತಿದ್ದರು.

ಆದರೆ ಪ, ಬ, ಮ:
ಮೂರಕ್ಕೂ ತುಟಿ ಮುಚ್ಚುವುದು ಒಂದೇ ಥರ.
ಯಾವ ಭಾಷೆಯಾದರೂ ಅಷ್ಟೇ.
ಗಂಟಲಲ್ಲಿ ಏನಾಯಿತು, ಮೂಗಿನಲ್ಲಿ ಏನಾಯಿತು
ಕಣ್ಣಿಗೆ ಬೀಳುವುದಿಲ್ಲ.
"ಹಾಗಾದರೆ ನಿನಗೆ ಹೇಗೆ ತಿಳಿಯುತ್ತೆ?"
ಚಿಕ್ಕಂದಿನಲ್ಲಿ ಹಿಲ್ಡಾ ಕೇಳಿದ್ದಳು.
"ಒಂದು ಮಾತು ಗಟ್ಟಿಯಾಗಿ ಸಿಕ್ಕಿದರೆ ಸಾಕು.
ಸತ್ತವರ ಹೆಸರೋ, ದುಡ್ಡಿನ ಮೊತ್ತವೋ, ಭಾರದ್ದು ಯಾವುದಾದರೂ.
ಉಳಿದವು ಅದರ ಸುತ್ತ ತಾವೇ ಬಂದು ಕೂರುತ್ತವೆ.
ಕೂರದಿದ್ದರೆ ನಾನು ತಪ್ಪು ಕೇಳಿದೆ ಅಂತ."

ಇಲ್ಲೂ ಅದೇ ಉಪಾಯ:
ಹಗುರ ಇಂಗಾಲಗಳ ಗುಂಪಿನಲ್ಲಿ ಒಂದು ಬ್ರೋಮಿನ್.
ಅದು ಕೂತ ಜಾಗ ಗೊತ್ತಾದರೆ
ಬಹುಪಾಲು ಚುಕ್ಕಿಗಳ ಚಿಹ್ನೆ ಅದೇ ಹೇಳುತ್ತದೆ.
ಎಲ್ಲದರದ್ದೂ ಅಲ್ಲ.

*

ಭಾನುವಾರ ಬಸ್ಸಿನಲ್ಲಿ, ಬೇಡದ ಫಿಲ್ಮೊಂದನ್ನು ಮನೆಗೆ ಒಯ್ದಳು.
ಅಮ್ಮ ಅದನ್ನು ಕಿಟಕಿಗೆ ಹಿಡಿದು
"ಹುಳ ತಿಂದ ಬಟ್ಟೆ" ಎಂದಳು.
ಆಮೇಲೆ ಎಳೆ ಎಣಿಸುವ ಭೂತಗನ್ನಡಿ ಬಿಚ್ಚಿ
ಅಂಗುಲಕ್ಕೆ ಎಷ್ಟೆಂದು ಎಣಿಸತೊಡಗಿದಳು,
ಉಗುರು ಚುಕ್ಕಿಯಿಂದ ಚುಕ್ಕಿಗೆ.
"ಈ ಕಡೆ ನೇಯ್ಗೆ ಒತ್ತು."
"ಇಲ್ಲಮ್ಮ, ತಿರುಗಾಮುರುಗಾ.
ಇಲ್ಲಿ ಹತ್ತಿರ ಕಂಡದ್ದು ಹರಳಿನೊಳಗೆ ದೂರ.
ಇಲ್ಲಿ ದೂರ ಇದ್ದದ್ದು ಅಲ್ಲಿ ಒತ್ತೊತ್ತು."
ಅಮ್ಮ ಅವಳ ತುಟಿಯನ್ನೇ ನೋಡಿದಳು,
ಮತ್ತೊಮ್ಮೆ ಹೇಳಿಸಿದಳು,
ಭೂತಗನ್ನಡಿ ಮಡಚಿದಳು.
"ಮನೆಯಲ್ಲಿದ್ದಾಗ ಗೋಡೆಗೆ, ಒಲೆಗೆ ಮಾತಾಡುತ್ತಿದ್ದೆ.
ಊರು ಬಿಟ್ಟ ಮೇಲೆ
ನನ್ನ ಮುಖ ನೋಡಿ ಹೇಳುತ್ತೀಯ."

ಹಿಲ್ಡಾಗೆ ಉತ್ತರ ಹೊಳೆಯಲಿಲ್ಲ.
ಕೆಟಲ್ ಕೂಗಿತು. ಕೇಳಿದ್ದು ಅವಳೊಬ್ಬಳಿಗೇ.

*

ಮಾರ್ಚಿನಲ್ಲಿ ನಕ್ಷೆ ಬಂತು, ಬೆಟ್ಟದ ನಕ್ಷೆಯ ಹಾಗೆ ಸುತ್ತುಗೆರೆ.
ಬ್ರೋಮಿನ್ ದೊಡ್ಡ ಗುಡ್ಡ.
ಆರು ಇಂಗಾಲದ ಉಂಗುರ ವಾರೆಯಾಗಿ ಮಲಗಿದೆ.
ಮೂಲೆಯಲ್ಲಿ, ಯಾವ ಸೂತ್ರಕ್ಕೂ ಸೇರದ ಒಂದು ಪುಟ್ಟ ದಿಬ್ಬ.
"ಲೆಕ್ಕ ತಪ್ಪಿದ್ದೀಯ" ಎಂದರು ಡಾಕ್ಟರ್ ಪಿಲ್ಕಿಂಗ್ಟನ್, ಹ್ಯಾಟು ಹಾಕಿಕೊಳ್ಳುತ್ತ.
ವಾರವಿಡೀ ಪಟ್ಟಿಗಳನ್ನು ಮತ್ತೆ ಹೆಕ್ಕಿದಳು.
ಹದಿನೇಳು ಚಿಹ್ನೆ ತಿರುಗಿಸಿದಳು.
ದಿಬ್ಬ ಕದಲಲಿಲ್ಲ, ಇನ್ನಷ್ಟು ದುಂಡಗಾಯಿತು.

ನೀರು.
ಹರಳು ಬೆಳೆಯುವಾಗ ಯಾರೂ ಕರೆಯದೆ ಒಳಗೆ ಬಂದು
ಎರಡು ಅಣುಗಳ ಕೈ ಹಿಡಿದು ನಿಂತ ನೀರು.

ಪೆನ್ಸಿಲಿನಲ್ಲಿ ಅದರ ಸುತ್ತ ಒಂದು ಗೆರೆ ಎಳೆದಳು.
ಮತ್ತೆ, ಬಾಯಿ ದೊಡ್ಡದಾಗಿ ತೆರೆದು, ದನಿಯಿಲ್ಲದೆ,
ಖಾಲಿ ಕೋಣೆಯಲ್ಲಿ ಯಾರಿಗೋ
ಅದರ ಹೆಸರು ಹೇಳಿದಳು.